ಉಡುವ ಮೈ ಒಂದೇ: ಶರಾವತಿ ಹಿನ್ನೀರಿನಲ್ಲಿ ಗುರುವಾರದಿಂದ ಸೋಮವಾರ

ಬುಧವಾರ

ಶರಾವತಿಯ ಹಿನ್ನೀರಿಗೆ ದೋಣಿ ಇಳಿಸಲು ಜನವರಿಯ ಕೊನೆಯ ವಾರವೇ ಸರಿ ಎಂದು ತೀರ್ಮಾನಿಸಿದವರು ಮೇಷ್ಟ್ರು. ಮಳೆಗಾಲದಲ್ಲಿ ತುಂಬಿಕೊಳ್ಳುವ ಲಿಂಗನಮಕ್ಕಿ ಜಲಾಶಯ ಆಮೇಲೆ ವಿದ್ಯುತ್ತಿಗೆ ನೀರು ಕೊಡುತ್ತಾ ದಿನದಿನಕ್ಕೂ ಇಳಿಯುತ್ತದೆ. ಗರಿಷ್ಠ ಮಟ್ಟ 1,819 ಅಡಿ. ಬೇಸಿಗೆಯ ಹೊತ್ತಿಗೆ ಆ ಮಟ್ಟ ಎಲ್ಲೋ ಮೇಲೆ ಒಣ ದಂಡೆಯಲ್ಲಿರುತ್ತದೆ, ನೀರು ಎಲ್ಲೋ ಕೆಳಗೆ, ನಡುವೆ ಕೆಸರು. ಆಗ ದೋಣಿ ನಮ್ಮನ್ನು ಹೊರುವುದಕ್ಕಿಂತ ನಾವು ದೋಣಿಯನ್ನು ಹೊರುವುದೇ ಹೆಚ್ಚು. ಸಂಕ್ರಾಂತಿ ಕಳೆದ ಒಂದೆರಡು ವಾರಗಳಲ್ಲಿ ಆ ತಾಪತ್ರಯವಿಲ್ಲ. ಮಳೆಯ ಭಯವೂ ಇಲ್ಲ. ಚಳಿಯೊಂದನ್ನು ನೋಡಿಕೊಂಡರಾಯಿತು.

ಬರುವವರಿಗೆಲ್ಲ ಒಂದೇ ಅವಧಿಯ ಬಿಡುವು ಸಿಗಲಿಲ್ಲ. ನಿವೃತ್ತರಾದ ಮೇಷ್ಟ್ರಿಗೂ ರಜೆ ಉಳಿಸಿಕೊಂಡಿದ್ದ ನನಗೂ ನಾಲ್ಕು ರಾತ್ರಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿಯ ಮಗ ಮತ್ತು ಅವನ ಗೆಳೆಯನಿಗೆ ಶನಿವಾರದ ಒಂದು ರಾತ್ರಿ. ಸಾಗರದ ಅಕ್ಕ, ಭಾವ ಮತ್ತು ಮಕ್ಕಳಿಗೆ ಭಾನುವಾರದ ಹಗಲು ಮಾತ್ರ. ಅಡಿಕೆ ಕೊಯ್ಲಿನ ನಡುವೆ ಅಷ್ಟು ಸಿಕ್ಕಿದ್ದೇ ದೊಡ್ಡದು. ಹೀಗಾಗಿ ಒಂದೇ ಪ್ರವಾಸಕ್ಕೆ ಮೂರು ಅಳತೆಯ ಗಂಟು ಕಟ್ಟುವ ಕೆಲಸ ನನ್ನ ಮೇಲೆ ಬಿತ್ತು.

ಅಕ್ಕನ ಮನೆಯ ಜಗಲಿಯಲ್ಲಿ ಸಾಮಾನು ಹರಡಿದ್ದನ್ನು ನೋಡಿ ಭಾವ, “ಇದಕ್ಕೆ ದೋಣಿ ಯಾಕೆ, ಲಾರಿಯನ್ನೇ ಮಾಡಿ” ಎಂದರು. ಹರಡಿದಾಗ ಎಲ್ಲವೂ ಹಾಗೆಯೇ ಕಾಣುತ್ತದೆ. ಅಡಿಕೆ ತೂಗುವ ತಕ್ಕಡಿಗೆ ಒಂದೊಂದನ್ನೇ ಹಾಕಿ ಲೆಕ್ಕ ಬರೆದೆವು. ಇಬ್ಬರಿಗೆ ಟೆಂಟ್, ಮಲಗುವ ಚೀಲಗಳು, ಚಾಪೆ, ಒಲೆ, ಪಾತ್ರೆ, ಬಟ್ಟೆ, ಹಗ್ಗ, ಔಷಧ ಎಲ್ಲ ಸೇರಿ 17 ಕಿಲೋ. ನಾಲ್ಕು ರಾತ್ರಿಯ ಆಹಾರ 7 ಕಿಲೋ. ನೀರು ಬೇರೆ. ಅಂದರೆ ಒಂದೇ ರಾತ್ರಿಗೆ ಹೋಗಿದ್ದರೂ ಆ 17 ಕಿಲೋ ಹೊರಲೇಬೇಕಿತ್ತು. ಇಳಿಯುತ್ತಿದ್ದುದು ಊಟದ ಭಾರವಷ್ಟೇ. ಇದನ್ನೇ ಮೇಷ್ಟ್ರು ತಮ್ಮದೇ ರೀತಿಯಲ್ಲಿ ಹೇಳಿದರು: “ಉಡುವ ಮೈ ಒಂದೇ. ಉಣ್ಣುವ ಹೊಟ್ಟೆ ಮಾತ್ರ ದಿನಕ್ಕೆ ಮೂರು ಸಲ ಕೇಳುತ್ತದೆ.”

ಬಟ್ಟೆಯ ವಿಷಯದಲ್ಲಿ ಅವರು ನಿಷ್ಠುರ. ದೋಣಿಯ ಮೇಲೆ ಒದ್ದೆಯಾಗುವುದಕ್ಕೆ ಒಂದು ಜೊತೆ, ರಾತ್ರಿ ಮಲಗುವುದಕ್ಕೆ ಒಣ ಜೊತೆ ಒಂದು. ಒದ್ದೆ ಜೊತೆ ಪಾಲಿಯೆಸ್ಟರ್, ಬೇಗ ಒಣಗಬೇಕು. ಒಣ ಜೊತೆಯಲ್ಲಿ ಉಣ್ಣೆಯ ಸ್ವೆಟರ್, ಕಾಲುಚೀಲ, ಟೋಪಿ. ಏನೇ ಆದರೂ ಒಣ ಜೊತೆಯನ್ನು ಹಗಲು ತೊಡುವಂತಿಲ್ಲ. ಬೆಳಿಗ್ಗೆ ಎದ್ದು ಆ ತಣ್ಣನೆಯ ಒದ್ದೆ ಅಂಗಿಯನ್ನೇ ಮೈಗೇರಿಸಬೇಕು. ಇದು ಒಂದು ರಾತ್ರಿಗೂ ಅದೇ, ಹತ್ತು ರಾತ್ರಿಗೂ ಅದೇ. ಜೊತೆಗೆ ಒಂದು ತೆಳು ಪಂಚೆ. ಟವೆಲ್, ಹೊದಿಕೆ, ಬಟ್ಟೆ ಬದಲಿಸುವ ಮರೆ, ರಾಡಿ ನೀರು ಸೋಸುವ ಅರಿವೆ, ತಲೆಗೆ ಬಿಸಿಲಿನ ಮುಂಡಾಸು, ಎಲ್ಲವೂ ಅದೇ. ಪ್ರವಾಸದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ‘ಬೇಗ ಒಣಗುವ ಟವೆಲ್’ ನೋಡಿದಾಗಲೆಲ್ಲ ನನಗೆ ಪಂಚೆಯ ಮೇಲೆ ಗೌರವ ಹೆಚ್ಚುತ್ತದೆ.

ಬಟ್ಟೆ ಒದ್ದೆಯಾಗದಂತೆ ಕಟ್ಟಲು ಡ್ರೈ ಬ್ಯಾಗ್‌ಗಳಿದ್ದವು, ಅಂದರೆ ಬಾಯಿ ಮಡಚಿ ಕಟ್ಟುವ, ನೀರು ಒಳಹೋಗದ ಚೀಲಗಳು. ಅದರ ಒಳಗೆ ಇನ್ನೊಂದು ರಕ್ಷಣೆಯಾಗಿ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗಳನ್ನು ಭಾವನಿಂದ ಇಸಿದುಕೊಂಡೆ. ಡ್ರೈ ಬ್ಯಾಗ್ ಕಟ್ಟುವುದರಲ್ಲೊಂದು ಹದವಿದೆ. ಕಂಠಮಟ್ಟ ತುಂಬಬಾರದು, ಮೇಲಿನ ಮೂರನೇ ಒಂದು ಭಾಗ ಖಾಲಿ ಇರಬೇಕು. ಮೊಣಕಾಲಿನಿಂದ ಒತ್ತಿ ಗಾಳಿ ಹೊರದಬ್ಬಿ, ಬಾಯಿಯ ಪಟ್ಟಿಯನ್ನು ಸುಕ್ಕಾಗದಂತೆ ನೇರ ಹಿಡಿದು, ಕನಿಷ್ಠ ಮೂರು ಸುತ್ತು ಮಡಚಿ, ಆಮೇಲೆ ಕೊಂಡಿ ಹಾಕಬೇಕು. ಎರಡೇ ಸುತ್ತಿಗೆ ಕೊಂಡಿ ಹಾಕಿದ ಚೀಲ ಬಚ್ಚಲ ಹಂಡೆಯಲ್ಲಿ ಮುಳುಗಿಸಿದರೆ ಗುಳುಗುಳು ಗುಳ್ಳೆ ಬಿಡುತ್ತದೆ. ನಾವು ಪ್ರತಿಯೊಂದನ್ನೂ ಹಾಗೆ ಮುಳುಗಿಸಿ ನೋಡಿಯೇ ಪಕ್ಕಕ್ಕಿಟ್ಟೆವು. ಮಕ್ಕಳಿಗೆ ಅದೇ ಹಬ್ಬ.

ನಮ್ಮ ದೋಣಿ ಕಯಾಕ್, ಇಬ್ಬರು ಕೂರುವ ಕಿರಿದಾದ ಹುಟ್ಟುದೋಣಿ. ಅದರ ಸಾಮಾನು ತುಂಬುವ ಕಿಂಡಿ ಹೆಚ್ಚೆಂದರೆ ಗೇಣಗಲ. ಅದರೊಳಗೆ 60 ಲೀಟರಿನ ಒಂದು ದೊಡ್ಡ ಚೀಲ ಹೋಗುವುದಿಲ್ಲ, 10 ಲೀಟರಿನ ಆರು ಚೀಲ ಸಲೀಸಾಗಿ ಹೋಗುತ್ತವೆ. ಟೆಂಟ್‌ನ ಬಟ್ಟೆ ಬೇರೆ, ಕಡ್ಡಿಗಳು ಬೇರೆ. ಕಡ್ಡಿಗಳನ್ನು ತಳದ ಉದ್ದಕ್ಕೂ ಜಾರಿಸಿಬಿಟ್ಟರೆ ಅವು ಇವೆ ಎಂಬುದೇ ಗೊತ್ತಾಗುವುದಿಲ್ಲ.

ಗುರುವಾರ

ತಾಳಗುಪ್ಪ ರಸ್ತೆಯಿಂದ ಹೊನ್ನೇಮರಡುವಿನ ಕಡೆ ತಿರುಗಿ, ಭಾವನ ದಾಯಾದಿಯೊಬ್ಬರ ಗದ್ದೆ ನೀರಿಗೆ ತಾಗುವ ಜಾಗದಲ್ಲಿ ಜೀಪು ನಿಲ್ಲಿಸಿದಾಗ ಬೆಳಗಿನ ಏಳೂವರೆ. ಮಂಜು ಎಷ್ಟಿತ್ತೆಂದರೆ ಕಯಾಕಿನ ಮುಂದಿನ ತುದಿ ಮಾತ್ರ ಕಾಣುತ್ತಿತ್ತು, ಅದರಾಚೆ ನೀರು ಇದೆ ಎಂಬುದು ನಂಬಿಕೆಯ ವಿಷಯ. ಮಂಜು ಕರಗುವವರೆಗೆ ತುಂಬುವ ಕೆಲಸ.

ಭಾರವಾದದ್ದು ನಡುವೆ ಮತ್ತು ತಳದಲ್ಲಿ: ನೀರಿನ ಕ್ಯಾನು, ಅಕ್ಕಿ, ಒಲೆ. ಹಗುರವಾದದ್ದು ಎರಡು ತುದಿಗಳಿಗೆ: ಮಲಗುವ ಚೀಲ, ಬಟ್ಟೆ. ಮಧ್ಯಾಹ್ನದ ಬುತ್ತಿ, ಬಿಸಿಲಿನ ಟೋಪಿ, ಔಷಧದ ಡಬ್ಬಿ, ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಗೆಟುಕುವಲ್ಲಿ. ಹಿನ್ನೀರಿನ ಒಂದಷ್ಟು ಭಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರುತ್ತದೆ. ಮೊಬೈಲಿನಲ್ಲಿ ಪತ್ರದ ಫೋಟೊ ಇದೆ ಎಂದು ಗಾರ್ಡ್ ಎದುರು ಸತ್ತ ಬ್ಯಾಟರಿಯನ್ನು ಒತ್ತುತ್ತಾ ನಿಲ್ಲುವುದಕ್ಕಿಂತ ಕಾಗದವೇ ಮೇಲು. ನಮ್ಮ ಬಿಡಾರಗಳೆಲ್ಲ ಪರಿಚಿತರ ಖಾಸಗಿ ಬೇಣದಲ್ಲೇ, ಅಂದರೆ ಹುಲ್ಲುಗಾವಲಿನಲ್ಲೇ, ಇದ್ದರೂ ಪತ್ರ ಜೊತೆಗಿತ್ತು.

ಲೈಫ್ ಜಾಕೆಟ್ ಸಾಮಾನಲ್ಲ, ಅದು ತೊಡುವ ಬಟ್ಟೆ. ಹಗ್ಗದಡಿ ಕಟ್ಟಿಟ್ಟ ಜಾಕೆಟ್ ದೋಣಿಯನ್ನು ಕಾಪಾಡುತ್ತದೆಯೇ ಹೊರತು ಮನುಷ್ಯನನ್ನಲ್ಲ. ಅದರ ಜೇಬಿಗೆ ಒಂದು ಪೀಪಿ.

ಒಂಬತ್ತರ ಸುಮಾರಿಗೆ ಮಂಜು ಹರಿಯಿತು. ಹೊರಟೆವು. ನೀರು ಕನ್ನಡಿ. ಮೇಷ್ಟ್ರು ಮುಂದೆ, ನಾನು ಹಿಂದೆ, ಹುಟ್ಟು ಹಾಕುವ ಲಯ ಕೂಡಿದರೆ ತುಂಬಿದ ದೋಣಿಯೂ ಗಂಟೆಗೆ ನಾಲ್ಕು ಕಿಲೋಮೀಟರು ಸಾಗುತ್ತದೆ. ಕಣ್ಣು ಮಾತ್ರ ನೀರಿನ ಮೇಲೆಯೇ ಇರಬೇಕು. 1964ರಲ್ಲಿ ಅಣೆಕಟ್ಟು ಮುಗಿದು ಕಣಿವೆ ತುಂಬಿದಾಗ ಮುಳುಗಿದ ಕಾಡಿನ ಮರಗಳು ಇವತ್ತಿಗೂ ಕೊಳೆಯದೆ ನಿಂತಿವೆ. ನೀರಿನಿಂದ ಆಳೆತ್ತರ ಎದ್ದಿರುವ ಬೊಡ್ಡೆಗಳಿಂದ ಅಪಾಯವಿಲ್ಲ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂತಿರುತ್ತವೆ. ಅಂಗೈ ಆಳದಲ್ಲಿ ಅಡಗಿರುವ ಬೊಡ್ಡೆಯೇ ತಳ ಗೀರುವುದು. ನಮ್ಮ ರಿಪೇರಿ ಚೀಲದಲ್ಲಿ ಅಗಲ ಟೇಪು, ಎಂ-ಸೀಲ್, ಒಂದು ಸ್ಪಂಜು, ಎಣ್ಣೆಯ ಡಬ್ಬಿಯನ್ನು ಓರೆಯಾಗಿ ಕೊಯ್ದು ಮಾಡಿದ ಮೊಗೆ, 15 ಮೀಟರ್ ಹಗ್ಗ ಇದ್ದವು. ಈ ಬೊಡ್ಡೆಗಳ ಕೆಳಗೆ ಊರುಗಳೂ ಇವೆ. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರ ಎಷ್ಟೋ ಕುಟುಂಬಗಳಿಗೆ ಭೂಮಿಯ ಹಕ್ಕಿನ ತಕರಾರು ಇನ್ನೂ ಮುಗಿದಿಲ್ಲ. ಅದರ ಬಗ್ಗೆ ಮೇಷ್ಟ್ರನ್ನು ಮಾತಿಗೆಳೆದರೆ ಹುಟ್ಟು ಹಾಕುವುದನ್ನೇ ನಿಲ್ಲಿಸುತ್ತಾರೆ ಎಂದು ಸುಮ್ಮನಿದ್ದೆ.

ಹನ್ನೊಂದೂವರೆಗೆ ಗಾಳಿ ಎದ್ದಿತು, ಎದುರುಗಾಳಿ. ದೋಣಿಯ ಮೂತಿ ಪದೇ ಪದೇ ಎಡಕ್ಕೆ ತಿರುಗುತ್ತಿತ್ತು. ನೇರ ಮಾಡುವುದರಲ್ಲೇ ಅರ್ಧ ಶಕ್ತಿ ಹೋಗುತ್ತಿತ್ತು. ಒಂದು ನಡುಗಡ್ಡೆಯ ಮರೆಗೆ ಹೋಗಿ ಇಳಿದು ನೋಡಿದಾಗ ಮುಂಭಾಗ ನೀರಿನಿಂದ ಎತ್ತಿಕೊಂಡಿತ್ತು. ಹೊರಡುವಾಗ ಸಮವಾಗಿಯೇ ಇದ್ದದ್ದು, ಮುಂದಿನ ಕಿಂಡಿಯ ಬುತ್ತಿ ತಿಂದು, ಅಲ್ಲಿದ್ದ ಎರಡು ಬಾಟಲಿ ನೀರು ಕುಡಿದ ಮೇಲೆ ಹಿಂಭಾರವಾಗಿತ್ತು. ಮೂತಿ ಹಗುರಾದರೆ ಗಾಳಿ ಅದನ್ನೇ ಹಿಡಿದು ತಿರುಗಿಸುತ್ತದೆ. ಹಿಂದಿನಿಂದ ಅಕ್ಕಿಯ ಚೀಲ ತೆಗೆದು ಮುಂದೆ ಹಾಕಿದೆವು, ಅಷ್ಟೇ. ಎರಡು ಕಿಲೋ ಅಕ್ಕಿ ಒಂದು ಮಾರು ಮುಂದಕ್ಕೆ ಹೋದದ್ದಕ್ಕೆ ದೋಣಿ ದಾರಿಗೆ ಬಂತು. ಆಹಾರದ ಚೀಲ ಒಂದೇ ದಿನದಿನಕ್ಕೂ ಕರಗುವ ಚೀಲ. ಹಾಗಾಗಿ ಉದ್ದ ಪ್ರವಾಸದಲ್ಲಿ ದೋಣಿಯ ತೂಕವನ್ನು ಪ್ರತಿ ಬೆಳಿಗ್ಗೆ ಹೊಸದಾಗಿ ಹೊಂದಿಸಬೇಕು. ಒಂದು ರಾತ್ರಿಯವರಿಗೆ ಈ ಕೆಲಸ ಬರುವುದೇ ಇಲ್ಲ.

ಸಂಜೆ ಪರಿಚಿತರ ಬೇಣದಲ್ಲಿ ಟೆಂಟ್ ಹೊಡೆದೆವು. ಅದರ ತಳಕ್ಕೆ, ಅಡಿಕೆ ಅಂಗಳಕ್ಕೆ ಹಾಸುವ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಂಚು ಟೆಂಟ್‌ನಿಂದ ಹೊರಗೆ ಚಾಚದಂತೆ ಒಳಕ್ಕೆ ಮಡಚಬೇಕು. ಚಾಚಿದರೆ ರಾತ್ರಿಯ ಇಬ್ಬನಿ ಅದರ ಮೇಲೆ ಇಳಿದು ಸೀದಾ ಬೆನ್ನಿನ ಅಡಿಗೆ ಬರುತ್ತದೆ.

ಶುಕ್ರವಾರ

ಇದು ಸೋಮಾರಿತನದ ದಿನ. ಬೆಳಿಗ್ಗೆ ಅವಲಕ್ಕಿಗೆ ಜೋನಿ ಬೆಲ್ಲ (ನೀರುಬೆಲ್ಲ), ಕಾಯಿತುರಿ. ಒಲೆ ಹಚ್ಚಿದ್ದು ಚಹಾಕ್ಕೆ ಮಾತ್ರ.

ಗ್ಯಾಸಿನ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಉದ್ದ ಪ್ರವಾಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಸಣ್ಣ ಒಲೆಗೆ ತಿರುಗಿಸುವ ಡಬ್ಬಿಯಲ್ಲಿ 230 ಗ್ರಾಂ ಅನಿಲವಿರುತ್ತದೆ. ಒಂದು ಲೀಟರ್ ನೀರು ಕುದಿಸಲು ಗಾಳಿಗೆ ಮರೆಯಿದ್ದರೆ 12ರಿಂದ 15 ಗ್ರಾಂ ಬೇಕು. ಇಬ್ಬರ ಕುಡಿಯುವ ನೀರು ದಿನಕ್ಕೆ ಆರು ಲೀಟರ್. ಅಷ್ಟನ್ನೂ ಕುದಿಸಿ ಕುಡಿಯುತ್ತೇವೆಂದರೆ ಒಂದು ಡಬ್ಬಿ ಮೂರನೇ ದಿನಕ್ಕೆ ಮುಗಿಯುತ್ತದೆ, ಅನ್ನಕ್ಕೆ ಚೂರೂ ಉಳಿಯುವುದಿಲ್ಲ. ಒಂದು ರಾತ್ರಿಗೆ ಹೋಗುವವರು ಎಲ್ಲವನ್ನೂ ಕುದಿಸಲಿ, ತೊಂದರೆಯಿಲ್ಲ. ನಾಲ್ಕು ರಾತ್ರಿಗೆ ಬೇರೆ ಉಪಾಯ ಬೇಕು. ನಾವು ಜಾಗದ ಯಜಮಾನರ ಬಾವಿಯಿಂದ ಹತ್ತು ಲೀಟರಿನ ಮಡಚುವ ಕ್ಯಾನು ತುಂಬಿಕೊಂಡು, ಪಂಚೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿದೆವು. ಗ್ಯಾಸ್ ಅಡುಗೆಗೆ ಮಾತ್ರ. ಮೇಷ್ಟ್ರಿಗೆ ಕುಸುಬಲಕ್ಕಿ ಅನ್ನವೆಂದರೆ ಪ್ರಾಣ, ಆದರೆ ಅದು ಬೇಯುವಷ್ಟರಲ್ಲಿ ಬೆಳ್ತಿಗೆ ಅಕ್ಕಿ ಎರಡು ಸಲ ಬೆಂದಿರುತ್ತದೆ. ಬೆಳ್ತಿಗೆಯನ್ನೇ ತಂದಿದ್ದೆ. ನೆನೆಸಿ, ಒಂದು ಕುದಿ ಬರಿಸಿ, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಅರ್ಧ ಗಂಟೆಯಲ್ಲಿ ತನ್ನಷ್ಟಕ್ಕೆ ಅರಳುತ್ತದೆ. ಅದಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಮೆಂತ್ಯದ ಹಿಟ್ಟು, ಮೊಸರಿನ ಬದಲಿಗೆ ನಿಂಬೆರಸ. ಕಟ್ಟಿಗೆಯ ಬೆಂಕಿ ಹಾಕಲಿಲ್ಲ. ಜನವರಿಯಲ್ಲಿ ಬೇಣದ ಕರಡದ ಹುಲ್ಲು ಒಣಗಿ ಕಡ್ಡಿ ಗೀರಿದರೆ ಸಾಕೆಂದು ಕಾಯುತ್ತಿರುತ್ತದೆ.

ಈ ಕಾಲದಲ್ಲಿ ಈ ಸೀಮೆಗೆ ಬರುವವರ ಚೀಲದಲ್ಲಿ ಇರಲೇಬೇಕಾದ ಇನ್ನೊಂದು ವಸ್ತು ಯಾವ ಪ್ರವಾಸಿ ಪಟ್ಟಿಯಲ್ಲೂ ಕಾಣುವುದಿಲ್ಲ: ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ; ಕಾಯಿಲೆಗೆ ಇಂಗ್ಲಿಷಿನಲ್ಲಿ ಆ ಊರಿನದೇ ಹೆಸರು. 2018ರ ಕೊನೆಯಲ್ಲಿ ಶುರುವಾಗಿ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಅದು ಕಾಡಿದ್ದು ಇಲ್ಲಿನವರು ಮರೆತಿಲ್ಲ. ಹರಡುವುದು ಕಾಡಿನ ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ನಮ್ಮ ಕ್ಯಾಂಪಿಂಗ್ ಋತುವಿನಲ್ಲೇ. ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಡೆಪಾ ತೈಲ ಹಂಚುತ್ತದೆ. ಅಕ್ಕನ ಮನೆಯ ಪಾಲಿನದರಲ್ಲಿ ಒಂದು ಬಾಟಲಿ ನಮಗೆ ಬಂದಿತ್ತು.

ನೀರಿನ ಮೇಲೆ ಇರುವಾಗ ಉಣುಗಿನ ಕಾಟವಿಲ್ಲ. ಅಪಾಯ ದಂಡೆ ಹತ್ತಿ ಪೊದೆ ದಾಟುವ ಆ ಹತ್ತು ಹೆಜ್ಜೆಯಲ್ಲಿ, ತರಗೆಲೆಯ ಮೇಲೆ ಆರಾಮಾಗಿ ಒರಗುವ ಆ ಹತ್ತು ನಿಮಿಷದಲ್ಲಿ. ಹಚ್ಚಿದ ಎಣ್ಣೆ ನೀರಿಗೆ ತೊಳೆದುಹೋಗಿರುತ್ತದೆ, ಇಳಿಯುವ ಮುಂಚೆ ಮತ್ತೆ ಹಚ್ಚಬೇಕು. ಹಾಗಾಗಿ ಬಾಟಲಿ ಚೀಲದ ತಳದಲ್ಲಿದ್ದರೆ ಇದ್ದೂ ಇಲ್ಲದಂತೆ. ನಾವು ತಿಳಿಬಣ್ಣದ ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದ್ದೆವು. ಸಂಜೆ ಮೇಷ್ಟ್ರ ಬಿಳಿ ಕಾಲುಚೀಲದ ಅಂಚಿನಲ್ಲಿ ಒಂದು ಸಿಕ್ಕಿತು. ಸಾಸಿವೆಗಿಂತ ಚಿಕ್ಕದು, ಕಂದು ಬಣ್ಣ, ಚಲಿಸದಿದ್ದರೆ ಮಣ್ಣಿನ ಕಣ. ಔಷಧದ ಡಬ್ಬಿಯ ಟೇಪಿನ ತುಂಡಿಗೆ ಅಂಟಿಸಿ ಮಡಚಿಟ್ಟೆವು. ಕಪ್ಪು ಕಾಲುಚೀಲದ ಮೇಲಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಮುಸ್ಸಂಜೆಗೆ ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ಬಂದು ಕಡ್ಡಿಪೆಟ್ಟಿಗೆ ಇದೆಯೇ ಎಂದು ಕೇಳುವ ನೆಪದಲ್ಲಿ ಮಾತಿಗೆ ಕೂತ. ನೆಪ ಎಂದು ತಿಳಿದದ್ದು ಆಮೇಲೆ, ಅವನ ಬಳಿಯೇ ಕಡ್ಡಿಪೆಟ್ಟಿಗೆ ಇತ್ತು. ರಾತ್ರಿಯಿಡೀ ನೀರಿನ ಮೇಲಿರುವ ಅವನ ಸಾಮಾನೆಲ್ಲ ಒಂದು ಅಲ್ಯೂಮಿನಿಯಂ ಪಾತ್ರೆಯೊಳಗೆ: ಅಕ್ಕಿ, ಉಪ್ಪು, ಒಣಮೆಣಸು, ತಿರುಪು ಮುಚ್ಚಳದ ಅಗಲಬಾಯಿ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಬೀಡಿ, ಮೊಬೈಲು. ಮುಚ್ಚಳದ ಅಂಚಿಗೆ ಮೇಣದಬತ್ತಿ ಉಜ್ಜಿದ್ದ. ಪಾತ್ರೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ್ದರಿಂದ ತೆಪ್ಪ ಮಗುಚಿದರೂ ಪಾತ್ರೆ ತೇಲುತ್ತದೆ. ಹೆಗಲಿಗೆ ಕಂಬಳಿ. ಮೇಷ್ಟ್ರು ಅದನ್ನೆಲ್ಲ ಬಿಚ್ಚಿಸಿ, ಮತ್ತೆ ಕಟ್ಟಿಸಿ, ಶಾಲೆಯ ತಪಾಸಣಾಧಿಕಾರಿಯ ಗತ್ತಿನಲ್ಲಿ ತಲೆದೂಗಿದರು. ನಮ್ಮ ಹದಿನೇಳು ಕಿಲೋ ಕಡೆ ಅವನು ನೋಡಿದ ನೋಟವನ್ನು ನಾನು ಗಮನಿಸದವನಂತೆ ಕೂತೆ.

ಶನಿವಾರ

ರಾತ್ರಿ ರೈಲಿನಲ್ಲಿ ಬಂದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದ ಹುಡುಗರನ್ನು ಜೀಪಿನಲ್ಲಿ ದಂಡೆಗೆ ತಂದುಬಿಟ್ಟರು. ಎರಡನೆಯ ಕಯಾಕ್ ಅವರಿಗಾಗಿ ಅಲ್ಲೇ ಇತ್ತು. ಒಂದು ರಾತ್ರಿಗೆ ಬಂದವರ ಸಾಮಾನು ನಮ್ಮದಕ್ಕಿಂತ ದೊಡ್ಡದು. ಬೆನ್ನಿಗೊಂದು 65 ಲೀಟರಿನ ಚೀಲ, ಎದೆಗೊಂದು ಸಣ್ಣ ಚೀಲ, ಕೈಯಲ್ಲಿ ಮಡಚುವ ಕುರ್ಚಿ, ಹಾಡಿನ ಪೆಟ್ಟಿಗೆ. ಅದರ ಮೇಲೆ ಎರಡು ಜೊತೆ ಜೀನ್ಸ್. ನೆನೆದ ಜೀನ್ಸ್ ಈ ಚಳಿಯಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ, ನೀರಿಗೆ ಬಿದ್ದರೆ ಕಾಲಿಗೆ ಕಟ್ಟಿದ ಕಲ್ಲು.

ಅವಧಿ ಕಡಿಮೆಯಾದಷ್ಟೂ ಜನ ಹೆಚ್ಚು ತರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಂದೇ ರಾತ್ರಿ ತಾನೇ, ಹೊತ್ತರಾಯಿತು ಎಂಬ ಧೈರ್ಯ ಒಂದು ಕಡೆ. ಇರುವ ಒಂದು ರಾತ್ರಿ ಕೆಡಬಾರದು ಎಂಬ ಆತಂಕ ಇನ್ನೊಂದು ಕಡೆ. ಉದ್ದ ಪ್ರವಾಸಕ್ಕೆ ಹೊರಡುವವನು ಮಾತ್ರ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು, ಇದನ್ನು ದಿನಾ ಹೊರಬೇಕಲ್ಲ ಎಂದು ಯೋಚಿಸುತ್ತಾನೆ.

ದಂಡೆಯ ಮೇಲೆ ಎಲ್ಲವನ್ನೂ ಸುರಿಸಿದೆವು. ಹುಡುಗರು ಒಂದು ಕೆಲಸ ಸರಿಯಾಗಿ ಮಾಡಿದ್ದರು: ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ ಎಂದು ತಿಳಿದು ಒಲೆಯನ್ನಷ್ಟೇ ತಂದಿದ್ದರು. ಹಣೆಗೆ ಕಟ್ಟುವ ದೀಪಗಳು ಒಳ್ಳೆಯವು. ಮಲಗುವ ಚೀಲಗಳೂ ಸರಿ. ಜೀನ್ಸ್, ಕುರ್ಚಿ, ಹಾಡಿನ ಪೆಟ್ಟಿಗೆ, ಮೂರನೆಯ ಜೊತೆ ಶೂ, ಒಂದು ಕಿಲೋ ತೂಗುವ ಬಾಡಿಬಿಲ್ಡಿಂಗ್ ಪುಡಿ ಜೀಪಿನಲ್ಲೇ ವಾಪಸ್ ಹೋದವು. ಹಾಡಿನ ಪೆಟ್ಟಿಗೆಗಾಗಿ ಸ್ವಲ್ಪ ಚರ್ಚೆ ನಡೆಯಿತು. ಗೆದ್ದದ್ದು ಮೇಷ್ಟ್ರು.

ಅಕ್ಕ ಹುಡುಗರ ಕೈಯಲ್ಲಿ ಕಳಿಸಿದ್ದ ಜೋನಿ ಬೆಲ್ಲದ ಡಬ್ಬಿಯನ್ನು ಯಾರೋ ಮಲಗುವ ಚೀಲದ ಮಧ್ಯೆ ಮೆತ್ತಗಿರಲೆಂದು ಇಟ್ಟಿದ್ದರು. ಮಧ್ಯಾಹ್ನ ತೆಗೆದಾಗ ಮುಚ್ಚಳ ಸಡಿಲವಾಗಿತ್ತು. ಅಂಟು, ಇರುವೆ, ಮತ್ತು ರಾತ್ರಿಯಿಡೀ ಬೆಲ್ಲದ ಪರಿಮಳ. ಜೋನಿ ಬೆಲ್ಲ, ಎಣ್ಣೆ, ಉಪ್ಪಿನಕಾಯಿ ಈ ಮೂರಕ್ಕೂ ಒಂದು ಬೇರೆಯೇ ಡ್ರೈ ಬ್ಯಾಗ್ ಬೇಕು. ನೀರು ಒಳಗೆ ಬರದಿರಲೆಂದು ಅಲ್ಲ, ಒಳಗಿನದು ಹೊರಗೆ ಹೋಗದಿರಲೆಂದು.

ಸಂಜೆ ದಕ್ಷಿಣಕ್ಕೆ ಒಂದಷ್ಟು ದೂರ ಹೋಗಿ ಬಂದೆವು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈಯಲ್ಲಿ ಉದ್ಘಾಟನೆಯಾಗಿದೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ, ಕೇಬಲ್ ಆಧಾರದ ಸೇತುವೆ. ಹೊಳೆಬಾಗಿಲಿನ ಲಾಂಚಿಗೆ ಸಿಗಂದೂರಿನ ಭಕ್ತರೊಂದಿಗೆ ಸಾಲು ನಿಂತು, ಬಸ್ಸನ್ನೂ ದನವನ್ನೂ ಮದುವೆ ದಿಬ್ಬಣವನ್ನೂ ಒಟ್ಟಿಗೆ ದಾಟಿಸುವುದನ್ನು ನೋಡಿದವರಿಗೆ ಅದೊಂದು ವಿಸ್ಮಯ. ಆಚೆ ದಡದ ತುಮರಿಯ ಕಡೆಯವರಿಗೆ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗುವ ದಾರಿ.

ಭಾನುವಾರ

ಅಕ್ಕನ ಸಂಸಾರ ಹತ್ತು ಗಂಟೆಗೆ ಬಂತು, ಪರಿಚಯದ ಅಂಬಿಗನ ದೊಡ್ಡ ತೆಪ್ಪದಲ್ಲಿ. ಹಗಲಿನ ಪ್ರವಾಸದ ಗಂಟೇ ಬೇರೆ ಜಾತಿ. ಒಲೆಯಿಲ್ಲ, ಟೆಂಟ್ ಇಲ್ಲ. ಇರುವ ಭಾರವೆಲ್ಲ ನೀರು ಮತ್ತು ಬೇಯಿಸಿದ ಅಡುಗೆಯದು. ನೀರನ್ನು ಶುದ್ಧ ಮಾಡಿಕೊಳ್ಳುವ ವ್ಯವಧಾನ ಹಗಲಿನವರಿಗೆ ಇರುವುದಿಲ್ಲ, ಮನೆಯಿಂದಲೇ ತರಬೇಕು. ತಲೆಗೆ ಮೂರು ಲೀಟರಿನಂತೆ ನಾಲ್ವರಿಗೆ 12 ಲೀಟರ್, ಅಂದರೆ 12 ಕಿಲೋ. ಜೊತೆಗೆ ಚಿತ್ರಾನ್ನ, ಹಲಸಿನ ಹಪ್ಪಳ, ಮಕ್ಕಳಿಗೆ ಬಾಳೆಹಣ್ಣು. ಹಪ್ಪಳವನ್ನು ಅಕ್ಕ ಮನೆಯಲ್ಲೇ ಕರಿದು ತಗಡಿನ ಡಬ್ಬಿಯಲ್ಲಿ ತಂದಿದ್ದಳು, ಒಂದೂ ಮುರಿದಿರಲಿಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳನ್ನು ಭಾವ ಹಿಂದಿನ ದಿನವೇ ತೊಡಿಸಿ, ಹೆಗಲಪಟ್ಟಿ ಹಿಡಿದು ಮೇಲೆತ್ತಿ ನೋಡಿದ್ದರಂತೆ. ಎತ್ತಿದಾಗ ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ಆ ಮಗುವಿನದಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಹೊರಡಬೇಕಿದ್ದವರು ಎರಡಕ್ಕೆ ಹೊರಡಲಿಲ್ಲ. ಗಾಳಿ ಜೋರಾಯಿತು. ಕಯಾಕ್ ಗಾಳಿಯನ್ನು ಸೀಳಿಕೊಂಡಾದರೂ ಹೋಗುತ್ತದೆ, ದುಂಡನೆಯ ತೆಪ್ಪಕ್ಕೆ ಮೂತಿಯೂ ಇಲ್ಲ ಬಾಲವೂ ಇಲ್ಲ, ಗಾಳಿ ಬೀಸಿದತ್ತ ಅದರ ಪಯಣ. ಅಂಬಿಗ ನೀರಿನ ಮೇಲಿನ ಬಿಳಿ ನೊರೆ ನೋಡಿ, “ಈಗ ಬೇಡ, ಹೊತ್ತು ಇಳಿಯಲಿ” ಎಂದು ಹಾಳೆ ಹಾಸಿ ಮಲಗಿಬಿಟ್ಟ. ಭಾವನಿಗೆ ಅಡಿಕೆಯ ಚಿಂತೆ, ಅಕ್ಕನಿಗೆ ಭಾವನ ಸಿಡಿಮಿಡಿಯ ಚಿಂತೆ. ದಂಡೆಯಲ್ಲಿ ಆಡಿ ಪೂರ್ತಿ ನೆಂದಿದ್ದ ಮಕ್ಕಳು ನಾಲ್ಕು ಗಂಟೆಯ ಹೊತ್ತಿಗೆ ನಡುಗತೊಡಗಿದರು. ಹಗಲಿನ ಪ್ರವಾಸಕ್ಕೆ ಒಣ ಬಟ್ಟೆ ಯಾಕೆ ಎಂದು ಬಿಟ್ಟು ಬಂದಿದ್ದರು. ಮಕ್ಕಳು ನಮ್ಮ ಒಣ ಜೊತೆಯ ಸ್ವೆಟರ್‌ಗಳೊಳಗೆ ಮಾಯವಾದರು. ಮೇಷ್ಟ್ರ ಟೋಪಿ ಚಿಕ್ಕವಳ ಗಲ್ಲದವರೆಗೆ ಬರುತ್ತಿತ್ತು.

ಗಾಳಿ ತಗ್ಗಿ ಅವರು ಹೊರಟಾಗ ಐದೂಮುಕ್ಕಾಲು. ದಂಡೆ ಸೇರುವಷ್ಟರಲ್ಲಿ ಕತ್ತಲು. ರಾತ್ರಿ ರೈಲು ಹಿಡಿಯಬೇಕಿದ್ದ ಹುಡುಗರು ತಮ್ಮ ಕಯಾಕಿನಲ್ಲಿ ತೆಪ್ಪದ ಮುಂದೆ ಹೋದರು, ಹಣೆದೀಪ ಹಚ್ಚಿಕೊಂಡು, ಬೊಡ್ಡೆ ಕಂಡಲ್ಲೆಲ್ಲ ಪೀಪಿ ಊದುತ್ತಾ. ಅವರ ಬಳಿ ದೀಪ ಇಲ್ಲದಿದ್ದರೆ ಐವತ್ತು ವರ್ಷದ ಅನುಭವದ ಅಂಬಿಗನೂ ಆ ರಾತ್ರಿ ನಮ್ಮ ಟೆಂಟ್‌ನಲ್ಲೇ ಮಲಗಬೇಕಾಗುತ್ತಿತ್ತು. ಹಗಲಿಗೆಂದು ಹೋಗುವ ಚೀಲದಲ್ಲೂ ಒಂದು ದೀಪ, ತಲೆಗೊಂದು ಒಣ ಅಂಗಿ, ಒಂದು ಪ್ಲಾಸ್ಟಿಕ್ ಹಾಳೆ, ಎರಡು ಪೊಟ್ಟಣ ಬಿಸ್ಕತ್ತು ಇರಬೇಕು ಎಂದು ಭಾವ ರಾತ್ರಿ ಫೋನಿನಲ್ಲಿ ಹೇಳಿದರು. ಗುಡ್ಡದ ನೆತ್ತಿಯ ಒಂದೇ ಬಂಡೆಯ ಮೇಲೆ ಸಿಗ್ನಲ್ ಸಿಗುತ್ತಿತ್ತು, ಅಲ್ಲಿಗೆ ಹತ್ತಿಹೋಗಿ ಅವರು ಸೇರಿದ ಸುದ್ದಿ ತಿಳಿದ ಮೇಲೆಯೇ ನಾವು ಊಟ ಮಾಡಿದ್ದು.

ಸೋಮವಾರ

ಗಾಳಿ ಏಳುವ ಮುಂಚೆ ದಾಟಿಬಿಡಬೇಕೆಂದು ಆರು ಗಂಟೆಗೇ ಎದ್ದು, ಮಂಜು ತೆಳುವಾದ ಕೂಡಲೇ ಹೊರಟೆವು. ಟೆಂಟ್ ಇಬ್ಬನಿಯಲ್ಲಿ ತೊಯ್ದು ಒಂದು ಕಿಲೋ ಹೆಚ್ಚು ತೂಗುತ್ತಿತ್ತು. ಆಹಾರದ ಚೀಲ ಖಾಲಿಯಾಗಿದ್ದರಿಂದ ದೋಣಿ ತೀರಾ ಹಗುರವಾಗಿ ಹೊಯ್ದಾಡುತ್ತಿತ್ತು. ನಡುಭಾಗದ ಕ್ಯಾನಿಗೆ ಹಿನ್ನೀರಿನದೇ ಹತ್ತು ಲೀಟರ್ ತುಂಬಿಸಿ ತಳದಲ್ಲಿಟ್ಟ ಮೇಲೆ ನೆಲೆಗೆ ನಿಂತಿತು. ಹತ್ತರೊಳಗೆ ದಂಡೆ.

ಉಳಿದದ್ದು ಕಾಲು ಕಿಲೋ ಅಕ್ಕಿ, ಅರ್ಧ ಡಬ್ಬಿ ಗ್ಯಾಸ್, ಒಂದು ಹಿಡಿ ಅವಲಕ್ಕಿ. ಬಿಚ್ಚದೆಯೇ ವಾಪಸ್ ಬಂದದ್ದು ರಿಪೇರಿ ಚೀಲ ಮತ್ತು ಕ್ರೇಪ್ ಬ್ಯಾಂಡೇಜು. ಅವು ಬಿಚ್ಚದೆ ಬಂದರೇ ಸಂತೋಷ. ಎರಡನೆಯ ಪಾತ್ರೆಯನ್ನು ಒಮ್ಮೆಯೂ ಒಲೆಗೆ ಇಟ್ಟಿರಲಿಲ್ಲ. ಮುಂದಿನ ಸಲ ಅದು ಮನೆಯಲ್ಲೇ.

ಸಾಗರದಲ್ಲಿ ಮೊದಲು ಮಾಡಿದ ಕೆಲಸ, ಕಾಡಿಗೆ ತೊಟ್ಟ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ, ಸೊಂಟದಲ್ಲಿ ಉಣುಗಿನ ತಪಾಸಣೆ. ಟೆಂಟ್, ಮಲಗುವ ಚೀಲಗಳು ಎರಡು ದಿನ ಬಿಸಿಲಿನಲ್ಲಿ. ಸಂಜೆ ಬೆಂಗಳೂರಿಗೆ ಫೋನು ಮಾಡಿ ಹುಡುಗರಿಗೂ ಅದನ್ನೇ ಹೇಳಿದೆ. ಮಂಗನ ಕಾಯಿಲೆಯ ಜ್ವರ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಕಾಣಿಸಿಕೊಳ್ಳುವುದು ವಾಡಿಕೆ: ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಮೈಕೈ ನೋವು. ಬೆಂಗಳೂರಿನ ವೈದ್ಯರಿಗೆ ಅದು ತಟ್ಟನೆ ಹೊಳೆಯಲಿಕ್ಕಿಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಕೂರದೆ, ಸಾಗರದ ಹಿನ್ನೀರಿನ ದಂಡೆಯಲ್ಲಿ ಮಲಗಿ ಬಂದಿದ್ದೇವೆ ಎಂದು ಮೊದಲ ವಾಕ್ಯದಲ್ಲೇ ಹೇಳಿ ಎಂದೆ. ಹುಡುಗ ಅದನ್ನು ಬರೆದುಕೊಂಡ.